ಸಿಂಗಪುರದ ಹಕ್ಕಾ ಅಡಿಗೆ

ಬೆಂಗಳೂರು ಮೈಸೂರುಗಳ ಹೋಟೆಲುಗಳಲ್ಲಿ ‘ಹಕ್ಕಾ ನೂಡಲ್ಸ್’ ಎಂಬ ಹೆಸರನ್ನು ಕಾಣದವರು ಇಂದು ವಿರಳ. ಆದರೆ ಹಕ್ಕಾ ಎಂದರೇನು ಎಂದು ಕೇಳಿದರೆ ತಂದಿಟ್ಟವನಿಗೂ ತಿಳಿಯದು, ತಿಂದವನಿಗೂ ತಿಳಿಯದು. ಅದು ಒಂದು ಜನದ ಹೆಸರು. ನಮ್ಮಲ್ಲಿ ದೊರೆಯುವ ಆ ತಿಂಡಿಯಾದರೋ ಕಲ್ಕತ್ತೆಯಲ್ಲಿ ನೆಲಸಿದ ಚೀನೀಯರು ಭಾರತದವರ ನಾಲಗೆಗೆ ಒಗ್ಗುವಂತೆ ಮಾರ್ಪಡಿಸಿದ್ದು. ಈ ಜನರ ಹಳೆಯ ಅಡಿಗೆಯನ್ನು ತಿಳಿಯಬೇಕಾದರೆ ಸಿಂಗಪುರದ ‘ಹಾಕರ್’ ಅಂಗಡಿಗಳ ಕಡೆ ನೋಡುವುದು ಲೇಸು. ಅಲ್ಲಿ ಅದು ಇನ್ನೂ ಉಳಿದಿದೆ. ಎಷ್ಟು ಕಾಲ ಉಳಿದೀತೆಂಬುದೇ ಪ್ರಶ್ನೆ.

‘ಹಕ್’ ಎಂದರೆ ಅತಿಥಿ, ‘ಕಾ’ ಎಂದರೆ ಮನೆ. ಉತ್ತರ ಚೀನದಿಂದ ಶತಮಾನಗಳುದ್ದಕ್ಕೂ ಗುಂಪುಗುಂಪಾಗಿ ದಕ್ಷಿಣಕ್ಕೆ ಬಂದ ಇವರನ್ನು ಮೊದಲೇ ನೆಲೆಯೂರಿದ್ದವರು ಹೊರಗಿನವರೆಂದೇ ಎಣಿಸಿದರು. ಹೊಳೆಬಯಲಿನ ಭೂಮಿ ಮೊದಲು ಬಂದವರ ಪಾಲಾಗಿತ್ತು. ಇವರಲ್ಲಿ ಬಹುಮಂದಿಗೆ ದೊರೆತದ್ದು ಗುಡ್ಡಗಾಡು. ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ 1855ರಿಂದ 1867ರ ವರೆಗೆ ಇವರಿಗೂ ಸ್ಥಳೀಯರಿಗೂ ಘೋರವಾದ ಕಾಳಗಗಳೇ ನಡೆದುವು. ಅಲೆದು ಬಂದವರ, ಗುಡ್ಡದಲ್ಲಿ ದುಡಿದವರ ಅಡಿಗೆ ಹೇಗಿರಬೇಕೋ ಹಕ್ಕಾ ಅಡಿಗೆ ಹಾಗೆಯೇ ಇದೆ: ಉಪ್ಪು ಮುಂದು, ಜಿಡ್ಡು ಧಾರಾಳ, ಒಣಗಿಸಿಟ್ಟ ಸೊಪ್ಪು, ನೆಲದಡಿಯ ಗೆಡ್ಡೆ.

ಈ ಗೆಡ್ಡೆಯಿಂದಾಗುವ ‘ಸುವಾನ್ ಪಾನ್ ಜ಼’ ಎಂಬ ಭಕ್ಷ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೆಸರಿನ ಅರ್ಥ ‘ಅಬಾಕಸ್ ಮಣಿ’, ಎಂದರೆ ಚೀನದ ವರ್ತಕರು ಲೆಕ್ಕ ಮಾಡುತ್ತಿದ್ದ ಮಣಿಚೌಕಟ್ಟಿನ ಮಣಿ. ಕೆಸುವಿನ ಗೆಡ್ಡೆಯನ್ನು ಸಿಪ್ಪೆ ತೆಗೆದು (ಕೈ ತುರಿಸುವ ವಿಚಾರವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ) ಹಬೆಯಲ್ಲಿ ಬೇಯಿಸುವರು. ಬಿಸಿ ಆರುವ ಮುನ್ನವೇ ಹಿಸುಕಿ, ಮರಗೆಣಸಿನ ಹಿಟ್ಟು ಸೇರಿಸಿ ನಾದುವರು. ಹಿಟ್ಟು ಹೆಚ್ಚಾದರೆ ಉಂಡೆ ರಬ್ಬರಿನಂತಾಗುವುದು, ಕಡಮೆಯಾದರೆ ನೀರಿನಲ್ಲಿ ಕರಗಿಹೋಗುವುದು. ಪ್ರತಿಯೊಂದು ಗೆಡ್ಡೆಯಲ್ಲಿಯೂ ನೀರಿನ ಅಂಶ ಬೇರೆಯಾದ್ದರಿಂದ ಅಳತೆ ಕೈಗೇ ತಿಳಿಯಬೇಕು. ಆಮೇಲೆ ಚಿಕ್ಕ ಚಿಕ್ಕ ಉಂಡೆ ಮಾಡಿ, ಎರಡೂ ಕಡೆ ಬೆರಳಿನಿಂದ ಒತ್ತಿ ಗುಳಿ ಮಾಡುವರು. ಗುಳಿಯಿಂದ ಮಣಿಯ ಆಕಾರವೂ ಬರುವುದು, ಉಂಡೆಯ ನಡುಭಾಗವೂ ಚೆನ್ನಾಗಿ ಬೇಯುವುದು, ಒಗ್ಗರಣೆಯ ರಸವೂ ಅಲ್ಲಿ ನಿಲ್ಲುವುದು. ಕುದಿಯುವ ನೀರಿನಲ್ಲಿ ಮಣಿಗಳು ತೇಲಿದ ಕೂಡಲೆ ತೆಗೆದು, ಕೊಚ್ಚಿದ ಹಂದಿಮಾಂಸ, ಒಣ ಸೀಗಡಿ, ಅಣಬೆಗಳೊಡನೆ ಬಾಣಲೆಯಲ್ಲಿ ಹುರಿಯುವರು. ಲೆಕ್ಕದ ಮಣಿ ಹಣದ ಸಂಕೇತವಾದ್ದರಿಂದ ಹೊಸವರ್ಷದ ಹಬ್ಬಕ್ಕೆ ಇದು ಶುಭವೆಂದು ನಂಬಿಕೆ.

ಒಂದು ತಟ್ಟೆಗೆ ಎಷ್ಟು ಮಣಿ, ಒಂದು ಮಣಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ ತೊಂದರೆ ಎಲ್ಲಿದೆಯೆಂದು ಹೊಳೆಯುವುದು. ಮನೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಕ್ಕಳು ಸುತ್ತ ಕುಳಿತು ಮಾಡುತ್ತಿದ್ದ ಕೆಲಸ ಅಂಗಡಿಯಲ್ಲಿ ಒಬ್ಬಿಬ್ಬರ ಮೇಲೆ ಬೀಳುತ್ತದೆ. ಸಿಂಗಪುರದ ಸರ್ಕಾರವು 1968-69ರಲ್ಲಿ ಬೀದಿಯ ಮಾರಾಟಗಾರರನ್ನೆಲ್ಲ ನೋಂದಾಯಿಸಿ, 1970ರ ದಶಕದಿಂದ ನಲ್ಲಿ, ಚರಂಡಿಗಳುಳ್ಳ ಹಾಕರ್ ಸೆಂಟರುಗಳನ್ನು ಕಟ್ಟಿ, 1980ರ ದಶಕದ ನಡುವಿನ ಹೊತ್ತಿಗೆ ಅವರನ್ನು ಅಲ್ಲಿಗೆ ಸೇರಿಸಿತು. ನೈರ್ಮಲ್ಯ ಬಂತು, ಅಗ್ಗದ ಬೆಲೆ ಮಾತ್ರ ಹಿಂದಿನಂತೆಯೇ ಇರಬೇಕೆಂದು ಜನರ ನಿರೀಕ್ಷೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷವೇ. ಆದರೆ ಆ ಹೊತ್ತಿಗೆ ಅಂಗಡಿಯವರಲ್ಲಿ ಸುಮಾರು ಅರ್ಧ ಜನ 60ರ ಆಸುಪಾಸನ್ನು ಮುಟ್ಟಿದವರು ಅಥವಾ ದಾಟಿದವರು. ಗೌರವಪತ್ರವು ಹಿಟ್ಟು ನಾದುವುದಿಲ್ಲವಷ್ಟೆ.

ಇದಕ್ಕೆ ವಿರುದ್ಧವಾದ ಉದಾಹರಣೆ ‘ಯೋಂಗ್ ತಾವ್ ಫೂ’. ಸೋಯಾ ಹಾಲನ್ನು ಒಡೆಸಿ ಗಟ್ಟಿಮಾಡಿದ ತೋಫುವಿನೊಳಗೆ ಮಾಂಸ ತುಂಬಿ ಬೇಯಿಸುವುದು ಇದರ ಮೂಲ ರೂಪ. ಉತ್ತರದಲ್ಲಿ ಗೋದಿಹಿಟ್ಟಿನ ಕಡುಬಿಗೆ ಮಾಂಸ ತುಂಬುತ್ತಿದ್ದವರು ದಕ್ಷಿಣದಲ್ಲಿ ಗೋದಿ ಸಿಕ್ಕದೆ ತೋಫುವಿಗೆ ತುಂಬಿದರೆಂದು ಕಥೆ ಹೇಳುವರು. ಸಿಂಗಪುರದಲ್ಲಿ ಮಾಂಸದ ಬದಲು ಮೀನಿನ ಹೂರಣ ಬಂತು. ಬೆಂಡೆ, ಹಾಗಲ, ಬದನೆ, ಮೆಣಸಿನಕಾಯಿಗಳೂ ಹೊಟ್ಟೆ ಸೀಳಿಸಿಕೊಂಡು ಸಾಲಿನಲ್ಲಿ ನಿಂತುವು. ಗಿರಾಕಿಯೇ ತನಗೆ ಬೇಕಾದ್ದನ್ನು ಆರಿಸಿಕೊಳ್ಳುವನು. ಈಗ ಅದು ಎಲ್ಲರ ಊಟ. ಹಕ್ಕಾ ಎಂಬ ಗುರುತು ಮಾತ್ರ ಬಹುಮಟ್ಟಿಗೆ ಅಳಿಸಿದೆ. ಬದಲಾಗಿ ಉಳಿದದ್ದು ಮೇಲೋ, ಬದಲಾಗದೆ ಅಳಿಯುವುದು ಮೇಲೋ? ನನ್ನ ಮಟ್ಟಿಗೆ, ಉಳಿದದ್ದೇ ಮೇಲು; ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಮೂರನೆಯದು ‘ಲೇ ಚಾ’. ಒಳಮೈಯಲ್ಲಿ ಗೀರುಗಳಿರುವ ಮಣ್ಣಿನ ಬೋಗುಣಿಯಲ್ಲಿ ಚಹದ ಎಲೆ, ಪುದೀನ, ಕಾಮಕಸ್ತೂರಿ, ಕಡಲೆಕಾಯಿ ಬೀಜ, ಎಳ್ಳುಗಳನ್ನು ಸೀಬೆ ಮರದ ಕೋಲಿನಿಂದ ಅರೆದು, ಬಿಸಿನೀರು ಹೊಯ್ದು, ಹೆಚ್ಚಿದ ತರಕಾರಿಗಳನ್ನು ಹರಡಿದ ಅನ್ನಕ್ಕೆ ಕಲಸಿ ಉಣ್ಣುವರು. ಹಸಿರು ಬಣ್ಣ, ಸ್ವಲ್ಪ ಕಹಿ. ಇಂದು ಅನೇಕ ಅಂಗಡಿಗಳಲ್ಲಿ ಕೋಲಿನ ಕೆಲಸವನ್ನು ವಿದ್ಯುತ್ ಮಿಕ್ಸರ್ ಮಾಡುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಕಚೇರಿಯ ತರುಣರೂ ಇದನ್ನು ಬಯಸುವರು. ‘ಲೇ’ ಎಂದರೆ ಅರೆಯುವುದು. ಗುಡುಗಿಗೂ ಚೀನೀ ಭಾಷೆಯಲ್ಲಿ ಹೆಚ್ಚುಕಡಮೆ ಅದೇ ಉಚ್ಚಾರ. ಆದುದರಿಂದ ಇಂಗ್ಲಿಷಿನಲ್ಲಿ ಇದು ‘ಥಂಡರ್ ಟೀ’ ಆಗಿ ಕುಳಿತಿದೆ. 1979ರಲ್ಲಿ ಮ್ಯಾಂಡರಿನ್ ಭಾಷೆಯ ಪ್ರಚಾರಾಂದೋಲನ ಆರಂಭವಾದ ಮೇಲೆ ಹಕ್ಕಾ ಮೊದಲಾದ ನುಡಿಗಳು ಮನೆಗಳಿಂದ ಹಿಂದೆ ಸರಿದುವು. 2020ರ ಜನಗಣತಿಯಲ್ಲಿ ಈ ಚೀನೀ ಉಪಭಾಷೆಗಳನ್ನೆಲ್ಲ ಕೂಡಿಸಿದರೂ ಮನೆಮಾತಾಗಿ ಮುಖ್ಯವಾಗಿ ಆಡುವವರು ಶೇಕಡ 8.7 ಮಾತ್ರ. ಹೀಗಾಗಿ ಒಂದೇ ಬಟ್ಟಲನ್ನು ತರುಣರು ‘ಥಂಡರ್ ಟೀ’ ಎಂದೂ, ನಡುವಯಸ್ಸಿನವರು ‘ಲೇ ಚಾ’ ಎಂದೂ ಕೇಳುವರು. ‘ಲುಯಿ ಚಾ’ ಎಂದು ಹಕ್ಕಾ ನುಡಿಯಲ್ಲಿಯೇ ಕೇಳುವವರು ಮುದುಕರು.