ಮೊದಲ ಮರಜೇಡ: ಕೊಳ್ಳುವ ಮುನ್ನ, ಕೊಂಡ ಮೇಲೆ

ಯಾದಗಿರಿಯಲ್ಲಿ ಚೆನ್ನೈ ಕಡೆಯ ರೈಲು ಹತ್ತಿದರೆ ರಾಯಚೂರು, ಗುಂತಕಲ್ ದಾಟಿದ ಮೇಲೆ ಗುತ್ತಿ ಬರುತ್ತದೆ. ಆ ಊರಿನ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ನೀಲಿ ಜೇಡವನ್ನು 1899ರಲ್ಲಿ ಆರ್. ಐ. ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ವಿವರಿಸಿ, ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಮುಂದೆ ನೂರು ವರ್ಷ ಅದು ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಣ ಕಾಡಿನಲ್ಲಿ ಮತ್ತೆ ಕಂಡಿತು. ಈಗ ಅದು ಅಳಿವಿನ ತೀರಾ ಅಂಚಿನಲ್ಲಿದೆ.

ಟರಾಂಟುಲಾ ಸಾಕುವ ಆಸೆ ಹುಟ್ಟಿದವರ ಮನಸ್ಸು ಮೊದಲು ಹೋಗುವುದು ಈ ನೀಲಿ ಚೆಲುವಿನ ಕಡೆಗೇ. ದಯವಿಟ್ಟು ಅದನ್ನು ಬಿಟ್ಟುಬಿಡಿ. ನಮ್ಮ ದೇಶದ ಪೀಸಿಲೋಥೀರಿಯಾ ಕುಲದ ಯಾವ ಜೇಡವೂ ಮೊದಲ ಸಲ ಸಾಕುವವರಿಗೆ ತಕ್ಕದ್ದಲ್ಲ. ಅವು ಮಿಂಚಿನಂತೆ ಓಡುತ್ತವೆ. ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಕಾಡುತ್ತದೆ. ಇಡೀ ಕುಲವೇ 2019ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಹುಣಸೆಯ ಪೊಟರೆಯಲ್ಲೋ ಶಹಾಪುರದ ಗುಡ್ಡದ ಬಂಡೆ ಸಂದಿನಲ್ಲೋ ದೊಡ್ಡ ಜೇಡ ಕಂಡರೆ ದೂರದಿಂದ ನೋಡಿ, ಫೋಟೊ ತೆಗೆದುಕೊಂಡು ಬನ್ನಿ. ಹಿಡಿದು ತರಬೇಡಿ.

ಹಾಗಾದರೆ ಯಾವುದು? ನನ್ನ ಉತ್ತರ ಒಂದೇ: ದಕ್ಷಿಣ ಅಮೆರಿಕದ ಅವಿಕ್ಯುಲೇರಿಯಾ ಅವಿಕ್ಯುಲೇರಿಯಾ. ಮಾರುವವರು ಇದನ್ನು 'ಪಿಂಕ್ ಟೋ' ಎನ್ನುತ್ತಾರೆ. ಮೈಯೆಲ್ಲ ಕಪ್ಪು, ಕಾಲಿನ ತುದಿ ಮಾತ್ರ ಗುಲಾಬಿ. ಸ್ವಭಾವ ಸೌಮ್ಯ. ಗಾಬರಿಯಾದರೆ ಜಿಗಿಯುತ್ತದೆ, ಇಲ್ಲವೇ ಹಿಂಬದಿಯಿಂದ ಹಿಕ್ಕೆ ಚಿಮ್ಮಿಸುತ್ತದೆ, ಕಚ್ಚುವುದು ಅಪರೂಪ. ಅದರ ಮೈಯ ರೋಮ ತಾಗಿದರೆ ತುರಿಕೆಯಾದೀತು.

ಹಣ ಕೊಡುವ ಮುನ್ನ ಮೂರು ಸಂಗತಿ ಕೇಳಿ. ಮರಿ ಯಾರ ಮನೆಯಲ್ಲಿ ಹುಟ್ಟಿದ್ದು? ತಾಯಿಜೇಡ ದೇಶಕ್ಕೆ ಬಂದ ದಾಖಲೆ ಇದೆಯೇ? ರಸೀದಿಯಲ್ಲಿ ವೈಜ್ಞಾನಿಕ ಹೆಸರು ಬರೆದುಕೊಡುತ್ತಾರೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಉತ್ತರ ಸರಿಯಿದ್ದರೆ ಆ ವೈಜ್ಞಾನಿಕ ಹೆಸರನ್ನು ಅರಣ್ಯ ಇಲಾಖೆಯ ಕಚೇರಿಗೆ ಒಯ್ದು, ನೋಂದಣಿ ಬೇಕೋ ಬೇಡವೋ ವಿಚಾರಿಸಿಕೊಂಡ ಮೇಲೆಯೇ ಮುಂದಿನ ಮಾತು. ತೀರಾ ಪುಟ್ಟ ಮರಿ ಬೇಡ, ನೀರಿನ ಸಣ್ಣ ಹೆಚ್ಚುಕಮ್ಮಿಗೂ ಸಾಯುತ್ತದೆ. ಕಾಲು ಚಾಚಿದಾಗ ನಾಲ್ಕೈದು ಸೆಂಟಿಮೀಟರ್ ಇರುವುದನ್ನು ಆರಿಸಿ. ಹೊಟ್ಟೆ ಸುಕ್ಕುಗಟ್ಟಿರಬಾರದು, ಕಾಲುಗಳು ಒಳಕ್ಕೆ ಮುದುಡಿರಬಾರದು.

ನಮ್ಮ ಕಡೆ ನಿಜವಾದ ಪರೀಕ್ಷೆ ಬೇಸಿಗೆಯದು. ಈ ಜೇಡಕ್ಕೆ ಹಿತವಾದದ್ದು 22ರಿಂದ 28 ಡಿಗ್ರಿ. ಯಾದಗಿರಿಯ ಏಪ್ರಿಲ್–ಮೇ 40 ದಾಟುತ್ತದೆ. ಹೀಗಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ತನ್ನಿ. ಪಾರ್ಸೆಲ್ಲಿನಲ್ಲೇ ಬೇಯುವುದು ತಪ್ಪುತ್ತದೆ, ಮುಂದಿನ ಬಿಸಿಲಿಗೆ ಮುಂಚೆ ಕೈಯೂ ಪಳಗುತ್ತದೆ. ವಿದೇಶಿ ವಿಡಿಯೊಗಳಲ್ಲಿ ತೋರಿಸುವ ಹೀಟರ್, ಬಲ್ಬು ನಮಗೆ ಬೇಡವೇ ಬೇಡ. ತಗಡಿನ ಮಾಡಿನ ಕೋಣೆ, ಆರ್‌ಸಿಸಿಯ ಮೇಲಂತಸ್ತು ಆಗದು. ದಪ್ಪ ಕಲ್ಲುಗೋಡೆಯ ಮನೆಯಿದ್ದರೆ ನೆಲಮಟ್ಟದ ನಡುಕೋಣೆಯ ಫರಸಿಯ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ ಪೆಟ್ಟಿಗೆ ಇಡಿ. ಕೋಣೆಯಲ್ಲೊಂದು ತಾಪಮಾಪಕ ತೂಗುಹಾಕಿ. ಕೂಲರ್ ಹಚ್ಚಬಹುದು, ಆದರೆ ಅದರ ಒದ್ದೆಗಾಳಿ ನೇರವಾಗಿ ಪೆಟ್ಟಿಗೆಗೆ ಬಡಿಯಬಾರದು. ಮಧ್ಯಾಹ್ನ ಕರೆಂಟ್ ಹೋದಾಗಲೂ ಆ ಕೋಣೆ ತಂಪಾಗಿರುತ್ತದೆಯೇ ಎಂದು ಒಂದು ಬೇಸಿಗೆ ನೋಡಿಕೊಂಡೇ ನಿರ್ಧರಿಸಿ. ತಂಪಾಗದಿದ್ದರೆ ಆಸೆ ಕೈಬಿಡುವುದೇ ಆ ಜೀವಕ್ಕೆ ಮಾಡುವ ಉಪಕಾರ.

ಪೆಟ್ಟಿಗೆ ಅಗಲಕ್ಕಿಂತ ಎತ್ತರ ಹೆಚ್ಚಿರಲಿ. ಬೆಳೆದ ಜೇಡಕ್ಕೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಸಾಕು. ಎದುರುಬದುರು ಎರಡು ಪಕ್ಕಗಳಲ್ಲಿ ಗಾಳಿರಂಧ್ರ ಬೇಕೇ ಬೇಕು. ಗಾಳಿಯಾಡದ ತೇವದಲ್ಲಿ ಪಿಂಕ್ ಟೋ ಉಳಿಯುವುದಿಲ್ಲ. ತಳಕ್ಕೆ ತೆಂಗಿನ ನಾರಿನ ಪುಡಿ, ಓರೆಯಾಗಿ ನಿಲ್ಲಿಸಿದ ತೊಗಟೆ, ಪುಟ್ಟ ಬಟ್ಟಲಲ್ಲಿ ನೀರು. ಮೇಲ್ಮೂಲೆಯಲ್ಲಿ ಬಲೆ ನೇಯ್ದುಕೊಂಡರೆ ಅದನ್ನು ಕೀಳಬೇಡಿ, ಅದೇ ಅದರ ಮನೆ.

ಆಹಾರಕ್ಕೆ ವಾರಕ್ಕೊಂದು ಸಾಕಿದ ಚಿಮ್ಮಂಡೆ ಸಾಕು. ಅದು ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಕಾಲುವೆ ನೀರಾವರಿಯ ಭತ್ತ, ಹತ್ತಿ ಹೊಲದ ಮಿಡತೆ ಹಿಡಿದು ಹಾಕಬೇಡಿ. ಅಲ್ಲಿ ಕೀಟನಾಶಕ ಹೊಡೆದಿರುತ್ತಾರೆ. ಅಡುಗೆಮನೆಯ ಜಿರಳೆಗೂ ಇದೇ ಮಾತು. ಜೇಡ ಬಲೆಯೊಳಗೆ ಸೇರಿ ಉಣ್ಣುವುದು ಬಿಟ್ಟರೆ ಪೊರೆ ಕಳಚುವ ಸಮಯ ಬಂದಿರಬಹುದು. ಉಳಿದ ಹುಳು ತೆಗೆದು, ನೀರಷ್ಟೇ ಇಟ್ಟು ಸುಮ್ಮನಿರಿ. ಪೊರೆ ಬಿಟ್ಟ ಮೇಲೂ ವಾರದ ತನಕ ಆಹಾರ ಬೇಡ.

ಕೈಮೇಲೆ ಬಿಟ್ಟುಕೊಂಡು ನೆಂಟರಿಗೆ ತೋರಿಸುವ ಉಮೇದು ಬೇಡ. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಹೊರಗೆ ಬಂದರೆ ಲೋಟ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ.

ಹೆಣ್ಣು ಹತ್ತು ವರ್ಷದ ಆಸುಪಾಸು ಬದುಕುತ್ತದೆ. ಡಿಗ್ರಿ ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರು, ಆಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮನೆಯವರ ಜತೆ ಮೊದಲೇ ಮಾತಾಡಿಕೊಳ್ಳಿ. ಅವ್ವ ಒಲ್ಲೆನೆಂದರೆ ಕೊಳ್ಳಬೇಡಿ. ಸಾಕಲಾಗದೆ ಬೇವಿನ ಮರಕ್ಕೆ ಬಿಟ್ಟು ಬರುವುದಂತೂ ಕೂಡದು. ಕೊಟ್ಟವರಿಗೇ ಮರಳಿಸಿ, ಇಲ್ಲವೇ ಅರಣ್ಯ ಇಲಾಖೆಗೆ ತಿಳಿಸಿ.