ಮನಸ್ಸಿನ ಮಾತಿಗೆ ಆಫೀಸ್ ಚಾಟ್ ಬೇಡ

ಹತ್ತು ಹನ್ನೆರಡು ಎಂಜಿನಿಯರ್‌ಗಳ ಟೀಮ್, ಅದರಲ್ಲಿ ಹುಡುಗಿ ನೀವೊಬ್ಬರೇ. ಬೆಳ್ಳಂದೂರು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇದು ಹೊಸದಲ್ಲ. ದಿನದ ಬಹುಪಾಲು ಒಟ್ಟಿಗೇ ಕಳೆಯುವ ಕಡೆ ಯಾರೋ ನಿಮಗೆ ಇಷ್ಟವಾಗುವುದು, ನೀವು ಯಾರಿಗೋ ಇಷ್ಟವಾಗುವುದು ಸಹಜ. ಎಡವುವುದು ಅದರ ಮುಂದಿನ ಹೆಜ್ಜೆಗಳಲ್ಲಿ. ಒಂದೇ ತಪ್ಪನ್ನು ಎಷ್ಟೋ ಹುಡುಗಿಯರು ಮಾಡುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ನಿಮ್ಮ ಅಪ್ರೈಸಲ್ ಬರೆಯುವವನು ಆತನೇ, ಅಥವಾ ಆತನದ್ದು ಬರೆಯುವವರು ನೀವೇ ಎಂದು ನೋಡಿ. ಹೌದಾದರೆ ಇಬ್ಬರಲ್ಲೊಬ್ಬರು ಟೀಮ್ ಬದಲಿಸುವವರೆಗೆ ಮುಂದುವರಿಯಬೇಡಿ. ಕೆಲಸಕ್ಕೆ ಸೇರಿದ ದಿನ ಓದದೆ ಸಹಿ ಹಾಕಿದ ಕೋಡ್ ಆಫ್ ಕಂಡಕ್ಟ್ ಅನ್ನು ಈಗ ಓದಿ. ಇಂಥ ಸಂಬಂಧವನ್ನು ಎಚ್‌ಆರ್‌ಗೆ ತಿಳಿಸಲೇಬೇಕೆಂದು ಹಲವು ಕಂಪನಿಗಳ ನಿಯಮವಿದೆ. ಮುಚ್ಚಿಟ್ಟದ್ದು ಬಯಲಾದರೆ ನಿಮ್ಮ ಬಡ್ತಿಯ ಬಗ್ಗೆಯೇ ಗುಸುಗುಸು ಏಳುತ್ತದೆ. ಹುಡುಗನಿಗೆ ಆ ಬಿಸಿ ತಟ್ಟುವುದು ಕಡಿಮೆ. ಇದು ಅನ್ಯಾಯ, ಆದರೂ ನಡೆಯುವುದು ಹೀಗೆಯೇ.

ಮೊದಲ ಭೇಟಿ ಹಗಲಲ್ಲಿ, ಜನರಿರುವ ಕಡೆ ಇರಲಿ. ಟೀಮಿನವರೆಲ್ಲ ಊಟಕ್ಕೆ ಬರುವ ಟೆಕ್ ಪಾರ್ಕ್ ಫುಡ್ ಕೋರ್ಟ್ ಬೇಡ. ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್ ಆದರೆ ನೇರಳೆ ಮಾರ್ಗದ ಮೆಟ್ರೊ ಇದೆ, ನೀವೇ ಹೋಗಿ ನೀವೇ ಬರಬಹುದು. ಆತನ ಕಾರನ್ನೇ ನಂಬಿಕೊಂಡರೆ, ಎದ್ದು ಹೊರಡಬೇಕು ಅನಿಸಿದಾಗ ಹೊರಡಲಾಗದು. ಪಿಜಿಯ ಗೆಳತಿಗೆ ಜಾಗ ಹೇಳಿ ಹೋಗಿ.

ಈಗ ಒತ್ತಿ ಹೇಳಬೇಕಾದ ಮಾತು. ಸ್ಲ್ಯಾಕ್, ಟೀಮ್ಸ್, ಆಫೀಸ್ ಇಮೇಲ್‌ನಲ್ಲಿ ಸ್ವಂತ ವಿಷಯ ಮಾತಾಡಲೇಬೇಡಿ. ಕೋಡ್ ರಿವ್ಯೂನಿಂದ ಶುರುವಾದ ಮಾತು ಊಟಕ್ಕೆ, ಊಟದಿಂದ ಮನೆಯ ವಿಷಯಕ್ಕೆ ಹೊರಳುವುದು ಗೊತ್ತೇ ಆಗುವುದಿಲ್ಲ. ಡೈರೆಕ್ಟ್ ಮೆಸೇಜ್ ತಾನೆ, ನಮ್ಮಿಬ್ಬರಿಗೇ ಗೊತ್ತು ಅಂದುಕೊಳ್ಳುತ್ತಾರೆ. ಖಾತೆ ಕಂಪನಿಯದು. ತನಿಖೆಯೋ ಕೋರ್ಟ್ ವ್ಯಾಜ್ಯವೋ ಬಂದರೆ ಅದನ್ನು ತೆಗೆದು ಓದಬಹುದು. ನೀವು ಅಳಿಸಿದ ಸಾಲೂ ಕಂಪನಿಯ ನಕಲಿನಲ್ಲಿ ಉಳಿದಿರಬಹುದು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆಯುವುದೂ ಬೇಡ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೆಲಸ ಬಿಟ್ಟ ದಿನವೇ ಆ ಖಾತೆ ಮುಚ್ಚಿಹೋಗುತ್ತದೆ. ಆತ ಕಾಟ ಕೊಟ್ಟಿದ್ದಕ್ಕೆ ಸಾಕ್ಷಿಯೆಲ್ಲ ಅದರಲ್ಲೇ ಇದ್ದರೆ ನಿಮ್ಮ ಕೈ ಖಾಲಿ. ತಾಳಲಾರದೆ ರಾಜೀನಾಮೆ ಕೊಟ್ಟು, ಬೇರೆ ಕಡೆ ಸೇರಿದ ಮೇಲೆ ದೂರು ಕೊಡೋಣ ಎಂದು ಹೊರಟವರು ಇಲ್ಲೇ ಸೋಲುತ್ತಾರೆ. ಅಂಥ ಮೆಸೇಜ್ ಬಂದ ಕೂಡಲೇ ಕಳಿಸಿದವನ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ವಂತ ಫೋನಿನಲ್ಲಿ ಫೋಟೊ ತೆಗೆದಿಡಿ. ಪರದೆಯ ಮೇಲೆ ಕೋಡ್, ಗ್ರಾಹಕರ ಮಾಹಿತಿ ಇದ್ದರೆ ಮೊದಲು ಅದನ್ನು ಮುಚ್ಚಿ. ಚಾಟ್ ಇಡಿಯಾಗಿ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಕಂಪನಿಯ ಮಾಹಿತಿ ಹೊರಗೆ ಸಾಗಿಸಿದಿರಿ ಎಂದು ನಿಮ್ಮನ್ನೇ ಕಟಕಟೆಗೆ ನಿಲ್ಲಿಸಬಹುದು.

ಇಷ್ಟವಿಲ್ಲದಿದ್ದರೆ ಒಂದೇ ಸಲ, ಬರವಣಿಗೆಯಲ್ಲಿ ಹೇಳಿ. ‘ನೋಡೋಣ’, ‘ಈ ರಿಲೀಸ್ ಮುಗೀಲಿ’, ‘ಮನೇಲಿ ಒಪ್ಪಲ್ಲ’ ಎಂಬುದೆಲ್ಲ ನೋಯಿಸಬಾರದೆಂದು ಆಡುವ ಮಾತು. ಕೇಳಿದವನಿಗೆ ಇನ್ನೂ ದಾರಿ ಇದೆ ಅನಿಸುತ್ತದೆ. ‘ನನಗೆ ಆ ಥರ ಆಸಕ್ತಿ ಇಲ್ಲ. ಕೆಲಸದ ವಿಷಯ ಬಿಟ್ಟು ಬೇರೆ ಮೆಸೇಜ್ ಮಾಡಬೇಡಿ’ ಎಂದರೆ ಸಾಕು. ಕಾರಣ ಕೊಡಬೇಡಿ, ಸ್ಮೈಲಿ ಹಾಕಬೇಡಿ. ಆತ ಆಫೀಸ್ ಚಾಟ್‌ನಲ್ಲೇ ಕೇಳಿದ್ದರೆ ಈ ಉತ್ತರವೊಂದು ಮಾತ್ರ ಅಲ್ಲೇ ಇರಲಿ, ಅದರ ಫೋಟೊ ನಿಮ್ಮ ಬಳಿ ಇರಲಿ. ಸಭ್ಯನಾದವನು ಅಲ್ಲಿಗೇ ನಿಲ್ಲಿಸುತ್ತಾನೆ. ನಿಲ್ಲಿಸದಿದ್ದರೆ ಆ ಸಾಲೇ ನಿಮ್ಮ ಬಲ: ಆಸಕ್ತಿ ಇಲ್ಲವೆಂದು ಹೆಣ್ಣು ಸ್ಪಷ್ಟಪಡಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ.

ದೂರಿನ ವಿಷಯ ಚುಟುಕಾಗಿ. ಉದ್ಯೋಗ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು ಕೊಡಿ. ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಎಚ್‌ಆರ್‌ಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ. 6 ಪ್ರತಿ ಬೇಕು, ಜೊತೆಗೆ ದಾಖಲೆ, ಸಾಕ್ಷಿಗಳ ಹೆಸರು, ವಿಳಾಸ. ಚಾಟ್ ದಾಖಲೆ ಅಳಿಸದೆ ಇಡಬೇಕೆಂದು ದೂರಿನಲ್ಲೇ ಬರೆಯಿರಿ. ವಿಚಾರಣೆ ನಡೆಯುವಾಗ ಆತ ನಿಮ್ಮ ಅಪ್ರೈಸಲ್ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು, ಅದನ್ನೂ ಲಿಖಿತವಾಗಿ ಕೇಳಿ. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. 10ಕ್ಕಿಂತ ಕಡಿಮೆ ಮಂದಿಯ ಸ್ಟಾರ್ಟ್‌ಅಪ್ ಆದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್ ಕೂಡ ಇದೆ. ಪಿಜಿವರೆಗೆ ಹಿಂಬಾಲಿಸಿ ಬಂದರೆ ಸಮಿತಿಗೆ ಕಾಯದೆ 112ಕ್ಕೆ ಕರೆ ಮಾಡಿ.