ಬಾಣದ ಬಾಲ ನೋಡು, ಮಗೂ

ಪರೀಕ್ಷೆಗೆ ಇನ್ನು ನಾಲ್ಕೇ ದಿನ ಅಂತ ನೀನು ಆರ್ಗ್ಯಾನಿಕ್ ಕೆಮಿಸ್ಟ್ರಿಯ ಮೆಕ್ಯಾನಿಸಮ್‌ಗಳನ್ನೆಲ್ಲ ಉರು ಹೊಡೆಯಲು ಕೂತಿದ್ದೀಯ. ನಿನ್ನ ಹಟ ಮೆಚ್ಚಿದೆ. ಆದರೆ ಪುಸ್ತಕ ಮುಚ್ಚಿಸಿ, ಒಂದು ಪರಮಾಣು ಬದಲಿಸಿ ಕೇಳಿದರೆ ಸಾಕು, ತಬ್ಬಿಬ್ಬಾಗುತ್ತೀಯ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಉತ್ತರಪತ್ರಿಕೆ ಕೈಗೆ ಬಂದರೆ ಮೊದಲು ನೋಡುತ್ತಿದ್ದದ್ದು ಮೆಕ್ಯಾನಿಸಮ್‌ನಲ್ಲಿ ಬರೆದ ಬಾಣದ ಬಾಲ. ಜಾಣರೂ ಎಡವುವುದು ಅಲ್ಲೇ. ಹೈಡ್ರೋಜನ್ ಅಯಾನಿನಿಂದ ಬಾಣ ಹೊರಡಿಸಿ ಆಕ್ಸಿಜನ್‌ಗೆ ಚುಚ್ಚಿಬಿಡುತ್ತೀರಿ. ಆ ಅಯಾನಿನ ಹತ್ತಿರ ಎಲೆಕ್ಟ್ರಾನೇ ಇಲ್ಲವಲ್ಲ, ಪಾಪ, ಏನನ್ನು ಕೊಟ್ಟೀತು? 1922ರಲ್ಲಿ ಕರ್ಮ್ಯಾಕ್ ಮತ್ತು ರಾಬಿನ್ಸನ್ ಎಂಬ ರಸಾಯನಶಾಸ್ತ್ರಜ್ಞರು ಬಾಗಿದ ಬಾಣ ಬಳಸಿದ್ದೇ ಎಲೆಕ್ಟ್ರಾನ್‌ಗಳ ದಾರಿ ತೋರಿಸಲು. ಲೋನ್ ಪೇರ್‌ನಿಂದಲೋ ಬಂಧದಿಂದಲೋ ಅದು ಹೊರಡಬೇಕು. ಇದ್ದವರ ಮನೆಯಿಂದ ಇಲ್ಲದವರ ಮನೆಗೆ.

ಪೆನ್ಸಿಲ್ ತಗೋ. ಮೀಥೈಲ್ ಬ್ರೋಮೈಡ್ ಬರೆ, ಪಕ್ಕದಲ್ಲಿ ಹೈಡ್ರಾಕ್ಸೈಡ್. ಬ್ರೋಮಿನ್ ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡು ಕಾರ್ಬನ್ ಅನ್ನು ಬಡವಾಗಿಸಿದೆ. ಹೈಡ್ರಾಕ್ಸೈಡ್ ಬ್ರೋಮಿನ್‌ನ ಎದುರು ಬದಿಯಿಂದ ಬರುತ್ತದೆ. ಮೊದಲ ಬಾಣ ಆಕ್ಸಿಜನ್‌ನಿಂದ ಕಾರ್ಬನ್‌ಗೆ. ಅಲ್ಲಿಗೇ ಕೈ ಬಿಟ್ಟೆಯೋ, ಕಾರ್ಬನ್‌ಗೆ ಐದು ಬಂಧ! ಎರಡನೆಯ ಬಾಣ ಬಂಧದಿಂದ ಬ್ರೋಮಿನ್‌ಗೆ. ಬರುವುದೂ ಹೋಗುವುದೂ ಒಂದೇ ಉಸಿರಿಗೆ. ಉಳಿದ ಮೂರು ಹೈಡ್ರೋಜನ್, ಗಾಳಿಗೆ ಕೊಡೆ ಮಗುಚಿದ ಹಾಗೆ, ಆಚೆ ಬದಿಗೆ ಮಗುಚುತ್ತವೆ. ಇದೇ ಎಸ್‌ಎನ್‌2.

ಈಗ ಆ ಮೂರು ಹೈಡ್ರೋಜನ್ ಜಾಗದಲ್ಲಿ ಮೂರು ಮೀಥೈಲ್ ಗುಂಪು ಕೂರಿಸಿ, ನೀರಿಗೆ ಹಾಕು. ಹಿತ್ತಿಲ ಬಾಗಿಲಿಗೆ ಮೂವರು ಅಡ್ಡ ನಿಂತ ಹಾಗಾಯಿತು, ಹಿಂದಿನಿಂದ ನುಗ್ಗಲು ದಾರಿಯಿಲ್ಲ. ಹಾಗಾಗಿ ಬ್ರೋಮಿನ್ ಮೊದಲು ಕಳಚಿಕೊಳ್ಳುತ್ತದೆ. ಧನ ಚಾರ್ಜು ಹೊತ್ತ ಕಾರ್ಬನ್‌ಗೆ ಸುತ್ತಲಿನ ಮೂರು ಮೀಥೈಲ್‌ಗಳೇ ಆಸರೆ. ಆಮೇಲೆ ನೀರು ಬಂದು ಸೇರಿ, ಒಂದು ಪ್ರೋಟಾನ್ ಬಿಟ್ಟುಕೊಡುತ್ತದೆ. ಇದು ಎಸ್‌ಎನ್‌1. ನೋಡಿದೆಯಾ, ಏನನ್ನೂ ಉರು ಹೊಡೆಯಲಿಲ್ಲ. ಯಾರ ಹತ್ತಿರ ಎಲೆಕ್ಟ್ರಾನ್ ಇದೆ, ಒಳಬರಲು ದಾರಿ ಇದೆಯೇ ಅಂತ ಕೇಳಿದೆವು, ಅಷ್ಟೇ.

ಎಸ್‌ಎನ್‌2ನಲ್ಲಿ ಕಂಡಂಥ ಮಗುಚುವಿಕೆ ಪಾಲ್ ವಾಲ್ಡನ್ ಗಮನಕ್ಕೆ ಬಂದದ್ದು 1896ರಲ್ಲಿ. ಹ್ಯೂಸ್ ಮತ್ತು ಇನ್ಗೋಲ್ಡ್ ಅದರ ಒಳಗುಟ್ಟು ಬಿಡಿಸಿದ್ದು 1930ರ ದಶಕದಲ್ಲಿ. ಪಂಡಿತರಿಗೇ ಅಷ್ಟು ಕಾಲ ಹಿಡಿದದ್ದು ನಿನಗೆ ಒಂದೇ ರಾತ್ರಿಯಲ್ಲಿ ಹತ್ತಲಿಲ್ಲ ಅಂತ ಮುಖ ಸಪ್ಪೆ ಮಾಡಿಕೊಳ್ಳಬೇಡ.

ದಿನಕ್ಕೆ ಎರಡೇ ಮೆಕ್ಯಾನಿಸಮ್ ಬರೆ. ಸಾಲು ಸಾಲಿಗೂ ಚಾರ್ಜು ಕೂಡಿಸು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ತಾಳೆಯಾಗದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ಅರ್ಥ. ರಬ್ಬರ್ ಪಕ್ಕದಲ್ಲಿರಲಿ. ನನ್ನ ಕೈಯಲ್ಲಿ ಕಲಿತವರಲ್ಲಿ, ತಪ್ಪು ಬರೆದು ಅಳಿಸಲು ನಾಚದವರೇ ಕೊನೆಗೆ ಗಟ್ಟಿಗರಾದರು.

ನಾಳೆ ಸಂಜೆ ನೋಟ್‌ಬುಕ್ ತಂದು ತೋರಿಸು. ಕೊನೆಯ ಉತ್ತರ ಆಮೇಲೆ ನೋಡೋಣ. ಮೊದಲು ಬಾಲ.